ಎರಡು ದಿನದ ಪೀಠ

1996ರ ಮೇ ತಿಂಗಳು. ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಟಿವಿ ಇದ್ದ ನಾಲ್ಕೈದು ಮನೆಗಳಲ್ಲಿ ನಮ್ಮದೂ ಒಂದು. ಕಪ್ಪು ಬಿಳುಪಿನ ಪೆಟ್ಟಿಗೆ, ಮರದ ಬಾಗಿಲು. ಹೊಸ ಲೋಕಸಭೆಯ ಸದಸ್ಯರ ಪ್ರಮಾಣವಚನವನ್ನು ರಾತ್ರಿ ವಾರ್ತೆಯಲ್ಲಿ ತೋರಿಸುತ್ತಿದ್ದರು. ಸ್ಪೀಕರ್ ಪೀಠದಲ್ಲಿ ಕನ್ನಡಕ ಹಾಕಿದ ಒಬ್ಬ ಹಿರಿಯರು ಕೂತಿದ್ದರು. ನಾನು ಹೈಸ್ಕೂಲಿನಲ್ಲಿದ್ದೆ. ಸ್ಪೀಕರ್ ಯಾರೆಂದು ಪರೀಕ್ಷೆಗೆ ಬರಬಹುದು ಅಂತ ಹೆಸರು ಕೇಳಿದೆ.

"ಅವರು ಸ್ಪೀಕರ್ ಅಲ್ಲ ಕಣೋ. ಹಂಗಾಮಿ. ಎರಡು ದಿನ ಕೂತು ಎದ್ದು ಹೋಗ್ತಾರೆ. ಇಂದ್ರಜಿತ್ ಗುಪ್ತ ಅಂತ. ಅಲ್ಲಿ ಅವರಷ್ಟು ಹಳಬರು ಯಾರೂ ಇಲ್ಲ" ಅಂದರು ಅಪ್ಪ.

ಅಪ್ಪ ನಮ್ಮೂರ ಸೊಸೈಟಿಯ ಸೆಕ್ರೆಟರಿ. ರಾಜಕೀಯದ ಮಾತು ಹೆಚ್ಚು ಆಡಿದವರಲ್ಲ. ಆದರೆ ಸಭೆ ಅನ್ನುವುದರ ಮೇಲೆ ಅವರಿಗೆ ವಿಪರೀತ ಗೌರವ. ಸರ್ವಸದಸ್ಯರ ಸಭೆಯ ದಿನ ಬೆಳಿಗ್ಗೆಯೇ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಕೆಂಪು ರಟ್ಟಿನ ನಡಾವಳಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಹೊರಡುತ್ತಿದ್ದರು. ಕೋರಂ ಆಗುವವರೆಗೂ ಕಾಯುತ್ತಿದ್ದರು. ಆಮೇಲೆ ಹಿಂದಿನ ಸಭೆಯ ನಡಾವಳಿಯನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. ಜನ ಎಲೆ ಅಡಿಕೆ ಹಾಕಿಕೊಂಡು ತಮ್ಮ ಪಾಡಿಗೆ ಮಾತಾಡುತ್ತಿದ್ದರೂ ಅವರ ಓದು ನಿಲ್ಲುತ್ತಿರಲಿಲ್ಲ. ಸಭೆಯಲ್ಲಿ ಯಾರು ಏನು ಹೇಳಿದರು ಅನ್ನುವುದು ಬರಹದಲ್ಲಿ ಉಳಿಯಬೇಕು ಅನ್ನುವುದು ಅವರಿಗೆ ದೇವರ ಕೆಲಸದ ಹಾಗಿತ್ತು. ದೆಹಲಿಯ ಆ ಹಿರಿಯರ ಮೇಲೆ ಅವರಿಗೆ ಯಾಕಷ್ಟು ಅಭಿಮಾನ ಅಂತ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಲೋಕಸಭೆಯ ಹಳೆಯ ಚರ್ಚೆಗಳನ್ನು ನಾನೇ ಓದಲು ಕೂತಾಗ.

ಇಂದ್ರಜಿತ್ ಗುಪ್ತ ಹನ್ನೊಂದು ಸಲ ಲೋಕಸಭೆಗೆ ಗೆದ್ದವರು. ವಾಜಪೇಯಿ ಮತ್ತು ಸೋಮನಾಥ ಚಟರ್ಜಿ ಹತ್ತು ಸಲ ಗೆದ್ದರು, ಲಕ್ಷದ್ವೀಪದ ಪಿ.ಎಂ. ಸಯೀದ್ ಕೂಡ ಹತ್ತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಒಂಬತ್ತು. ಗುಪ್ತರು ಮೊದಲು ಗೆದ್ದದ್ದು 1960ರಲ್ಲಿ, ಕಲ್ಕತ್ತಾ ನೈಋತ್ಯ ಕ್ಷೇತ್ರದ ಉಪಚುನಾವಣೆಯಲ್ಲಿ. ಆಗ ನೆಹರೂ ಪ್ರಧಾನಿ. 2001ರಲ್ಲಿ ತೀರಿಕೊಂಡಾಗಲೂ ಸದಸ್ಯರಾಗಿಯೇ ಇದ್ದರು, ಆಗ ವಾಜಪೇಯಿ ಪ್ರಧಾನಿ. ನಡುವೆ ಒಂದೇ ಒಂದು ಲೋಕಸಭೆ ತಪ್ಪಿತು. ಆ ವಿಷಯಕ್ಕೆ ಮುಂದೆ ಬರುತ್ತೇನೆ, ಅದನ್ನು ಹೇಳದೆ ಅವರ ಕತೆ ಹೇಳಿದಂತಾಗುವುದಿಲ್ಲ.

ಅವರದು ದೊಡ್ಡ ಅಧಿಕಾರಿಗಳ ಮನೆತನ. ಅಜ್ಜ ಬಿಹಾರಿಲಾಲ್ ಗುಪ್ತ 1868ರಲ್ಲಿ ಸುರೇಂದ್ರನಾಥ ಬ್ಯಾನರ್ಜಿ ಮತ್ತು ರಮೇಶಚಂದ್ರ ದತ್ತರ ಜೊತೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಬ್ರಿಟಿಷ್ ಆಡಳಿತದ ಉನ್ನತ ಹುದ್ದೆಗಳ ಪರೀಕ್ಷೆಯಾದ ಐಸಿಎಸ್ ಪಾಸು ಮಾಡಿದವರು. ಭಾರತೀಯ ಮ್ಯಾಜಿಸ್ಟ್ರೇಟರು ಯುರೋಪಿಯನ್ನರ ವಿಚಾರಣೆ ಮಾಡುವಂತಿಲ್ಲ ಎಂಬ ನಿಯಮ ಸರಿಯಲ್ಲವೆಂದು ಅವರು ಬರೆದ ಟಿಪ್ಪಣಿಯೇ 1883ರ ಇಲ್ಬರ್ಟ್ ಮಸೂದೆಗೆ ಮೂಲವಾಯಿತು. ಇಂದ್ರಜಿತ್‌ರ ಅಣ್ಣನೂ ಐಸಿಎಸ್ ಅಧಿಕಾರಿ, ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯಾಗಿದ್ದರು. ಇಂದ್ರಜಿತ್ ದೆಹಲಿಯ ಸೇಂಟ್ ಸ್ಟೀಫನ್ಸ್‌ನಲ್ಲಿ, ಆಮೇಲೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿದರು. ಜ್ಯೋತಿ ಬಸು, ಭೂಪೇಶ್ ಗುಪ್ತ, ಮೋಹನ್ ಕುಮಾರಮಂಗಲಂ ಇಂಗ್ಲೆಂಡಿನಲ್ಲಿ ಕಮ್ಯುನಿಸ್ಟರಾದ ದಿನಗಳವು. ಇಂದ್ರಜಿತ್ ಕೂಡ ಅಲ್ಲೇ ಕಮ್ಯುನಿಸ್ಟರಾಗಿ, ವಾಪಸು ಬಂದವರು ಮನೆತನದ ದಾರಿ ಹಿಡಿಯದೆ ಹೂಗ್ಲಿ ದಂಡೆಯ ಸೆಣಬು ಗಿರಣಿಗಳ ಕಾರ್ಮಿಕರ ನಡುವೆ ಕೆಲಸಕ್ಕೆ ನಿಂತರು. ಸ್ವಾತಂತ್ರ್ಯದ ಬೆನ್ನಿಗೇ ಕಮ್ಯುನಿಸ್ಟ್ ಪಕ್ಷದ ಮೇಲೆ ನಿಷೇಧ ಬಂದಾಗ ಭೂಗತರಾದರು.

ಸೆಣಬು ಅಂದಾಗ ನನಗೆ ಸೊಸೈಟಿಯ ಗೋದಾಮು ಕಣ್ಣಮುಂದೆ ಬರುತ್ತದೆ. ರೇಷನ್ ಅಕ್ಕಿ ಬರುತ್ತಿದ್ದದ್ದು ಗೋಣಿಚೀಲದಲ್ಲಿ. ಅಕ್ಕಿ ಖಾಲಿಯಾದ ಮೇಲೆ ಚೀಲಗಳ ಲೆಕ್ಕವೇ ಬೇರೆ. ಅಪ್ಪ ಒಂದೊಂದನ್ನೂ ಕೊಡವಿ, ಹರಿದದ್ದು ಒಂದು ಕಡೆ, ನೆಟ್ಟಗಿದ್ದದ್ದು ಒಂದು ಕಡೆ, ಇಪ್ಪತ್ತೈದಕ್ಕೊಂದು ಕಟ್ಟು ಕಟ್ಟಿಸಿ ರಿಜಿಸ್ಟರಿಗೆ ಏರಿಸುತ್ತಿದ್ದರು. ನಾವು ಮಕ್ಕಳು ಆ ಕಟ್ಟುಗಳ ಮೇಲೆ ಹತ್ತಿ ಕುಣಿಯುತ್ತಿದ್ದೆವು, ಮೈಯೆಲ್ಲ ನವೆ. ಆಹಾರಧಾನ್ಯವನ್ನು, ಸಕ್ಕರೆಯ ಒಂದು ಪಾಲನ್ನು ಸೆಣಬಿನ ಚೀಲದಲ್ಲೇ ತುಂಬಬೇಕು ಅನ್ನುವುದಕ್ಕೆ 1987ರ ಒಂದು ಕಾನೂನಿದೆ. ಅದು ಇಲ್ಲದೆ ಹೋಗಿದ್ದರೆ ಬಂಗಾಳದ ಗಿರಣಿಗಳನ್ನು ಪ್ಲಾಸ್ಟಿಕ್ ಚೀಲ ಎಂದೋ ನುಂಗಿರುತ್ತಿತ್ತು. ದೇಶ ಒಡೆದಾಗ ಸೆಣಬು ಬೆಳೆಯುವ ಹೊಲಗಳಲ್ಲಿ ಹೆಚ್ಚಿನವು ಪೂರ್ವ ಬಂಗಾಳಕ್ಕೆ ಹೋದವು, ಗಿರಣಿಗಳು ಮಾತ್ರ ಈ ಕಡೆ ಉಳಿದವು. ಕಚ್ಚಾಮಾಲಿಗೂ ಕಷ್ಟ, ಕೂಲಿಗೂ ಕಷ್ಟ. ಆ ಕೂಲಿಕಾರರ ಸಂಬಳ, ಬೋನಸ್ಸು, ಮುಚ್ಚಿದ ಗಿರಣಿಗಳ ವಿಷಯ ಲೋಕಸಭೆಗೆ ಬಂದಾಗ ಗುಪ್ತರು ಕೈಯಲ್ಲಿ ಅಂಕಿಅಂಶ ಹಿಡಿದೇ ಮಾತಾಡುತ್ತಿದ್ದರು. ಸೆಣಬು ಉದ್ಯಮದಲ್ಲಿನ ಬಂಡವಾಳ ಮತ್ತು ದುಡಿಮೆಯ ಬಗ್ಗೆ ಅವರು ಪುಸ್ತಕವನ್ನೂ ಬರೆದಿದ್ದಾರೆ. 1980ರಿಂದ ಹತ್ತು ವರ್ಷ ಎಐಟಿಯುಸಿ ಎಂಬ ಕಾರ್ಮಿಕ ಸಂಘಟನೆಯ ಪ್ರಧಾನ ಕಾರ್ಯದರ್ಶಿಯಾಗಿ, ಆಮೇಲೆ ಸಿಪಿಐ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು.

ಇಲ್ಲಿ ನನಗೊಂದು ಮಾತು ಹೇಳಲೇಬೇಕು ಅನ್ನಿಸುತ್ತದೆ. ನಮ್ಮ ಕಡೆ ಎಂಪಿಯನ್ನು ಅಳೆಯುವುದು ಒಂದೇ ಅಳತೆಗೋಲಿನಿಂದ: "ಏನ್ ತಂದ?" ರಸ್ತೆ ತಂದನಾ, ರೈಲು ತಂದನಾ, ಸಮುದಾಯ ಭವನ ಕಟ್ಟಿಸಿದನಾ? ಕೇಳುವುದು ತಪ್ಪಲ್ಲ, ರೈಲು ಬೇಡ ಅನ್ನುವವರು ಯಾರು? ಆದರೆ ಸಂಸದರ ನಿಧಿ ಎಂಬುದು ಶುರುವಾದದ್ದೇ 1993ರ ಡಿಸೆಂಬರಿನಲ್ಲಿ. ಅದಕ್ಕೂ ಮುಂಚೆ ಮೂವತ್ತು ವರ್ಷ ಗುಪ್ತರು ಕೈಯಲ್ಲಿ ಹಂಚಲು ಒಂದು ರೂಪಾಯಿಯೂ ಇಲ್ಲದೆ ಸಂಸದರಾಗಿದ್ದರು, ಮತ್ತೆ ಮತ್ತೆ ಗೆದ್ದರು. ಹಾಗಾದರೆ ಅಷ್ಟು ವರ್ಷ ಅವರು ಮಾಡಿದ ಕೆಲಸ ಯಾವುದು?

ಮಾಡಿದ್ದು ಸಭೆಯ ಕೆಲಸ. ಲೋಕಸಭೆಯಲ್ಲಿ ದಿನಕ್ಕೆ ಇಪ್ಪತ್ತು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಯಿಂದ ಸದನದಲ್ಲೇ ಉತ್ತರ ಬಯಸುವ ಪ್ರಶ್ನೆ, ಪಟ್ಟಿಗೆ ಬರುತ್ತವೆ. ಯಾರ ಪ್ರಶ್ನೆ ಮೊದಲು ಅನ್ನುವುದು ಚೀಟಿ ಎತ್ತಿದ ಮೇಲೆ ತೀರ್ಮಾನ. ಪ್ರಶ್ನೋತ್ತರದ ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ. ಅಧಿಕಾರಿಗಳು ಬರೆದುಕೊಟ್ಟ ಉತ್ತರವನ್ನು ಮಂತ್ರಿ ಓದಿಬಿಡಬಹುದು. ನಿಜವಾದ ಪರೀಕ್ಷೆ ಶುರುವಾಗುವುದು ಅದರ ನಂತರದ ಉಪಪ್ರಶ್ನೆಯಲ್ಲಿ. ಅದಕ್ಕೆ ಮುಂಚಿತವಾಗಿ ನೋಟಿಸು ಕೊಡಬೇಕಿಲ್ಲ. ಮಂತ್ರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಅಲ್ಲೇ ಬಯಲಾಗುತ್ತದೆ. ಉಪಪ್ರಶ್ನೆ ಕೇಳುವವರಿಗೂ ಮಂತ್ರಿಯಷ್ಟೇ ವಿಷಯ ಗೊತ್ತಿರಬೇಕು, ಹಿಂದಿನ ವರ್ಷ ಇದೇ ಇಲಾಖೆ ಏನು ಹೇಳಿತ್ತು ಅನ್ನುವುದೂ ನೆನಪಿರಬೇಕು. ಆ ನೆನಪು ಒಂದು ಅವಧಿಯಲ್ಲಿ ಬರುವುದಲ್ಲ. ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆಗಳಿಗೆ ಸಮಯ. ಅಂಥ ಮಸೂದೆ ಕಾನೂನಾದದ್ದು ಇಲ್ಲಿಯವರೆಗೆ ಹದಿನಾಲ್ಕೇ, ಕೊನೆಯದು 1970ರಲ್ಲಿ. ಆದರೂ ಮಂಡಿಸುತ್ತಾರೆ, ಚರ್ಚೆ ಮಾಡುತ್ತಾರೆ, ಅದು ದಾಖಲಾಗುತ್ತದೆ. ಇಂಥ ಕೆಲಸಕ್ಕೆ ಊರಿನಲ್ಲಿ ಕಲ್ಲು ನೆಡುವುದಿಲ್ಲ, ಫಲಕ ಹಾಕುವುದಿಲ್ಲ. ಗುಪ್ತರ ಹೆಚ್ಚಿನ ಬದುಕು ಕಳೆದದ್ದು ಇದರಲ್ಲೇ. 1992ರಲ್ಲಿ ಅವರಿಗೆ ಅತ್ಯುತ್ತಮ ಸಂಸದ ಪ್ರಶಸ್ತಿ ಬಂತು.

ನಮ್ಮೂರಿಗೆ ಅವರ ಹೆಸರು ಹತ್ತಿರವಾದದ್ದು 1996ರಲ್ಲಿ. ಆ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಬಿತ್ತು. ವಿಶ್ವಾಸಮತದ ಚರ್ಚೆ ದೂರದರ್ಶನದಲ್ಲಿ ನೇರ ಪ್ರಸಾರವಾಗುತ್ತಿತ್ತು. ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಜ್ಯೋತಿ ಬಸು ಪ್ರಧಾನಿಯಾಗಲಿ ಎಂದು, ಕಾಂಗ್ರೆಸ್ ಬಿಜೆಪಿ ಎರಡೂ ಅಲ್ಲದ ಪಕ್ಷಗಳ ಕೂಟವಾದ ಸಂಯುಕ್ತ ರಂಗದವರು ಕೇಳಿದರೂ ಸಿಪಿಎಂ ಒಪ್ಪಲಿಲ್ಲ, ಆಮೇಲೆ ಬಸು ಅವರೇ ಅದನ್ನು ಐತಿಹಾಸಿಕ ಪ್ರಮಾದ ಅಂದರು. ಹಾಗೆ ಆ ಕುರ್ಚಿ ಹರದನಹಳ್ಳಿಯ ದೇವೇಗೌಡರಿಗೆ ಬಂತು. ಕರ್ನಾಟಕದ ಇಪ್ಪತ್ತೆಂಟರಲ್ಲಿ ಜನತಾದಳ ಹದಿನಾರು ಗೆದ್ದಿತ್ತು. ನಮ್ಮ ಜಿಲ್ಲೆಯವರು ಪ್ರಧಾನಿ! ಊರಲ್ಲಿ ಪಟಾಕಿ ಹೊಡೆದದ್ದೇ ಹೊಡೆದದ್ದು. ಸಿಪಿಎಂ ಹೊರಗೇ ನಿಂತಿತು. ಹನ್ನೆರಡು ಸ್ಥಾನದ ಸಿಪಿಐ ಸರ್ಕಾರದ ಒಳಗೆ ಹೋಯಿತು. ಜೂನ್ ಕೊನೆಗೆ ಇಂದ್ರಜಿತ್ ಗುಪ್ತ ದೇಶದ ಗೃಹ ಸಚಿವರಾದರು, ಆ ಕುರ್ಚಿಗೆ ಬಂದ ಮೊದಲ ಕಮ್ಯುನಿಸ್ಟ್. ಒಂದು ಕಾಲಕ್ಕೆ ಯಾವ ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದ್ದರೋ ಆ ಪೊಲೀಸರ ಕಡತಗಳು ಈಗ ಅವರ ಮೇಜಿಗೆ ಬರುತ್ತಿದ್ದವು.

ಗೃಹ ಸಚಿವರಿಗೆ ದೆಹಲಿಯಲ್ಲಿ ದೊಡ್ಡ ಬಂಗಲೆ, ಹುಲ್ಲುಹಾಸು, ಕಾವಲಿನ ಪಡೆ ಎಲ್ಲ ಸಿಗುತ್ತದೆ. ಗುಪ್ತರು ಮಾತ್ರ ಜನಪಥದ ವೆಸ್ಟರ್ನ್ ಕೋರ್ಟ್‌ನಲ್ಲಿ ಹಿಂದಿನಿಂದ ಇದ್ದ ಎರಡು ಕೋಣೆ ಬಿಟ್ಟು ಕದಲಲಿಲ್ಲ. ವೆಸ್ಟರ್ನ್ ಕೋರ್ಟ್ ಎಂದರೆ ಬ್ರಿಟಿಷರ ಕಾಲದ ಬಿಳಿ ಕಟ್ಟಡ, ಉದ್ದಕ್ಕೂ ಕಂಬಸಾಲು, ಅಧಿವೇಶನಕ್ಕೆ ಬರುವ ಸದಸ್ಯರು ಉಳಿದುಕೊಳ್ಳಲೆಂದು ಕಟ್ಟಿದ ವಸತಿಗೃಹ. ಒಮ್ಮೆ ದೆಹಲಿಗೆ ಹೋದಾಗ ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ಅದನ್ನು ಬಹಳ ಹೊತ್ತು ನೋಡಿದೆ. ಯಾವ ಕಿಟಕಿ ಅವರದೆಂದು ತಿಳಿಯುವಂತಿರಲಿಲ್ಲ. ಮೇಲಿನ ಕಟಕಟೆಯ ಮೇಲೆ ಯಾರೋ ಟವೆಲ್ ಒಣಗಲು ಹಾಕಿದ್ದರು. ಇದನ್ನು ಸರಳತೆ ಎಂದು ಹೊಗಳಿದವರು ಬಹಳ. ಅವರು ತೀರಿಕೊಂಡಾಗ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಕೂಡ ಗಾಂಧಿಯವರ ಸರಳತೆಯನ್ನು ನೆನೆದರು. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಮಂತ್ರಿಗಿರಿ ಬಂದು ಹೋಗುವಂಥದ್ದು, ತಾನು ಸದನದ ಸದಸ್ಯ ಎಂಬ ಲೆಕ್ಕ ಅವರಲ್ಲಿ ಗಟ್ಟಿಯಾಗಿತ್ತು. ಬಂಗಲೆಗೆ ಹೋಗದವರಿಗೆ ಬಂಗಲೆ ಖಾಲಿ ಮಾಡುವ ಚಿಂತೆ ಇರುವುದಿಲ್ಲ.

ಆ ಲೆಕ್ಕ ಅವರ ಮಾತಿನಲ್ಲೂ ಕಾಣುತ್ತಿತ್ತು. ಉತ್ತರ ಪ್ರದೇಶ ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದಾಗ, ಅಂದರೆ ದೆಹಲಿಯ ಕೈಯಲ್ಲೇ ಇದ್ದಾಗ, ಅಲ್ಲಿ ಕಾನೂನು ಸುವ್ಯವಸ್ಥೆ ಹಾಳಾಗುತ್ತಿದೆ ಎಂದು ಸಂಸತ್ತಿನಲ್ಲಿ ನಿಂತು ಹೇಳಿದವರು ಗೃಹ ಸಚಿವರೇ. ಸರ್ಕಾರಕ್ಕೆ ಮುಜುಗರವಾಯಿತು. ಸಚಿವರಾದ ಮೇಲೆ ಎಲ್ಲವೂ ಚೆನ್ನಾಗಿದೆ ಎನ್ನುವುದು ರೂಢಿ, ಅವರಿಗೆ ಆ ರೂಢಿ ಒಗ್ಗಲಿಲ್ಲ. ಹಾಗೆಂದು ಎಲ್ಲದರಲ್ಲೂ ಅವರು ಸರಿಯಿದ್ದರು ಎನ್ನಲಾರೆ. 1997ರ ಅಕ್ಟೋಬರಿನಲ್ಲಿ ಕಲ್ಯಾಣ್ ಸಿಂಗ್ ಸರ್ಕಾರ ವಿಧಾನಸಭೆಯಲ್ಲಿ ವಿಶ್ವಾಸಮತ ಗೆದ್ದಿದ್ದರೂ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು, ದೇವೇಗೌಡರ ನಂತರ ಪ್ರಧಾನಿಯಾಗಿದ್ದ ಗುಜ್ರಾಲ್ ಅವರ ಸಂಪುಟ ಶಿಫಾರಸು ಮಾಡಿತು. ನಾರಾಯಣನ್ ಅದನ್ನು ಮರುಪರಿಶೀಲನೆಗೆ ವಾಪಸು ಕಳಿಸಿದರು, ಸಂಪುಟ ಮತ್ತೆ ಒತ್ತಾಯಿಸಲಿಲ್ಲ. ಆಗಲೂ ಗೃಹ ಸಚಿವರು ಗುಪ್ತರೇ. ಸದನದಲ್ಲಿ ಗೆದ್ದ ಸರ್ಕಾರವನ್ನು ಕಡತದಲ್ಲಿ ಸೋಲಿಸುವ ಆ ಶಿಫಾರಸಿನ ಜೊತೆ ಅವರ ಹೆಸರೂ ಇರುವುದು ನನಗೆ ಬೇಸರದ ವಿಷಯ.

ಅದಕ್ಕಿಂತ ದೊಡ್ಡದು ಹಿಂದಿನ ಗಾಯ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಸಿಪಿಐ ಇಂದಿರಾ ಗಾಂಧಿಯವರ ಬೆನ್ನಿಗೆ ನಿಂತಿತು. ವಿರೋಧ ಪಕ್ಷಗಳ ಸಂಸದರು ಜೈಲಿನಲ್ಲಿದ್ದರು. ಜುಲೈ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ರದ್ದು ಮಾಡಿದರು. ಸದನದಲ್ಲಿ ಆಡಿದ ಮಾತನ್ನು ಪತ್ರಿಕೆಗಳು ನಿರ್ಭಯವಾಗಿ ಅಚ್ಚು ಹಾಕಲು 1956ರಲ್ಲಿ ಫಿರೋಜ್ ಗಾಂಧಿ ಖಾಸಗಿ ಸದಸ್ಯರಾಗಿ ತಂದಿದ್ದ ಕಾನೂನನ್ನೂ ತೆಗೆದುಹಾಕಿದರು. ಪ್ರಶ್ನೆ, ಉಪಪ್ರಶ್ನೆ, ನಡಾವಳಿ ಇವೇ ಬದುಕಾಗಿದ್ದ ಮನುಷ್ಯ ಅವೆಲ್ಲ ಮುಚ್ಚಿಹೋಗುವಾಗ ಮುಚ್ಚಿದವರ ಜೊತೆಗಿದ್ದ ಪಕ್ಷದಲ್ಲಿದ್ದರು. ಇದನ್ನು ನಾನು ಹೇಗೆ ನೋಡಿದರೂ ಸಮಾಧಾನವಾಗುವುದಿಲ್ಲ. 1977ರಲ್ಲಿ ಅವರು ಸೋತರು. ಹನ್ನೊಂದು ಗೆಲುವುಗಳ ನಡುವೆ ಖಾಲಿ ಬಿದ್ದಿರುವ ಮೂರು ವರ್ಷ ಇವೇ. ಮುಂದಿನ ವರ್ಷ ಬಟಿಂಡಾ ಮಹಾಧಿವೇಶನದಲ್ಲಿ ತಪ್ಪಾಯಿತೆಂದು ಪಕ್ಷ ಒಪ್ಪಿಕೊಂಡಿತು. 1980ರಲ್ಲಿ ಬಸೀರ್‌ಹಾಟ್‌ನಿಂದ ಗುಪ್ತರು ಮತ್ತೆ ಬಂದರು.

ಈ ವಿಷಯದಲ್ಲಿ ಅಪ್ಪನ ಜೊತೆ ನನಗೆ ಒಮ್ಮೆ ಜೋರಾಗಿಯೇ ಮಾತಾಯಿತು. ನಾನು ಕಾಲೇಜಿಗೆ ಸೇರಿ ಆಗಷ್ಟೇ ತುರ್ತು ಪರಿಸ್ಥಿತಿಯ ಬಗ್ಗೆ ಓದಿಕೊಂಡಿದ್ದೆ. "ನೀವು ಅವರನ್ನ ಅಷ್ಟು ಹೊಗಳ್ತೀರಲ್ಲ ಅಪ್ಪ, ಆಗ ಏನ್ ಮಾಡ್ತಿದ್ರು ಅವರು?" ಅಂತ ಕೇಳಿದೆ. ಅಪ್ಪ ತಕ್ಷಣ ಏನೂ ಹೇಳಲಿಲ್ಲ. ಸೊಸೈಟಿಯಲ್ಲಿ ಒಮ್ಮೆ, ನಡೆಯದೇ ಇದ್ದ ಸಭೆಗೆ ನಡಾವಳಿ ಬರೆಯಿರಿ ಎಂದು ಅಪ್ಪನ ಮೇಲೆ ಒತ್ತಡ ಬಂದಿತ್ತು. ಒಪ್ಪದ್ದಕ್ಕೆ ಆರು ತಿಂಗಳು ಸಂಬಳ ತಡೆದಿದ್ದರು, ಅಮ್ಮನ ಬಳೆ ಅಡವಿಗೆ ಹೋಗಿತ್ತು. ಅದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಸುಮಾರು ಹೊತ್ತಾದ ಮೇಲೆ "ಆಗ ಅವರು ತಪ್ಪೇ ಮಾಡಿದ್ದು. ಸೋತರಲ್ಲ. ಸೋತು ಮತ್ತೆ ಬಂದು ಅದೇ ಸಭೆಯಲ್ಲೇ ಕೂತ್ಕೊಂಡ್ರಲ್ಲ" ಅಂದರು. ಆ ಉತ್ತರ ಅಂದು ನನಗೆ ಸಾಲಲಿಲ್ಲ. ಇಂದಿಗೂ ಪೂರ್ತಿ ಸಾಲುವುದಿಲ್ಲ.

ಗೃಹ ಸಚಿವ ಸ್ಥಾನ 1998ರ ಮಾರ್ಚಿಗೆ ಮುಗಿಯಿತು. ಅದೇ ವರ್ಷ ವಾಜಪೇಯಿ ಸರ್ಕಾರ ಚುನಾವಣಾ ವೆಚ್ಚವನ್ನು ಸರ್ಕಾರವೇ ಭರಿಸುವ ಬಗ್ಗೆ ಒಂದು ಸಮಿತಿ ಮಾಡಿ, ಎದುರು ಸಾಲಿನ ಗುಪ್ತರನ್ನೇ ಅಧ್ಯಕ್ಷರನ್ನಾಗಿಸಿತು. ಮನಮೋಹನ್ ಸಿಂಗ್, ಸೋಮನಾಥ ಚಟರ್ಜಿ, ವಿಜಯಕುಮಾರ್ ಮಲ್ಹೋತ್ರಾ ಸದಸ್ಯರು. ಇವತ್ತು ಹೀಗೊಂದು ಸಮಿತಿಯನ್ನು ಊಹಿಸಿಕೊಳ್ಳುವುದೂ ಕಷ್ಟ. ವರದಿ ಓದಿದರೆ ಚುನಾವಣೆಗೆ ಓಡಾಡಿ ಗೊತ್ತಿದ್ದವರೇ ಬರೆದದ್ದೆಂದು ತಿಳಿಯುತ್ತದೆ. ನಗದು ಕೊಡಬೇಡಿ, ಸಾಮಗ್ರಿ ಕೊಡಿ ಅನ್ನುತ್ತದೆ: ಗಾಡಿಗೆ ಇಂತಿಷ್ಟು ಪೆಟ್ರೋಲು ಡೀಸೆಲ್ಲು, ಕರಪತ್ರಕ್ಕೆ ಕಾಗದ, ಅಂಚೆಚೀಟಿ, ಧ್ವನಿವರ್ಧಕ, ಮತದಾರರ ಪಟ್ಟಿಯ ಪ್ರತಿ, ಅಭ್ಯರ್ಥಿಗಳ ಏಜೆಂಟರಿಗೆ ಊಟ ತಿಂಡಿ. ಪಕ್ಷಗಳು ಲೆಕ್ಕ ಪರಿಶೋಧನೆ ಮಾಡಿಸಲೇಬೇಕು, ಆದಾಯ ತೆರಿಗೆಯ ವಿವರ ಸಲ್ಲಿಸಲೇಬೇಕು, ಇಲ್ಲದಿದ್ದರೆ ನೆರವಿಲ್ಲ. ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ ನೆರವು ಎಂಬ ಶಿಫಾರಸು ನನಗೆ ಒಪ್ಪಿಗೆಯಿಲ್ಲ, ಪಕ್ಷೇತರನಾಗಿ ನಿಲ್ಲುವ ಬಡವನ ಕೈಗೆ ಏನೂ ಸಿಗುವುದಿಲ್ಲ. ಮತದಾರರ ಪಟ್ಟಿಯ ಪ್ರತಿಯಂಥ ಒಂದೆರಡು ಸಣ್ಣ ವಿಷಯಗಳು ಮುಂದೆ ಕಾನೂನಿಗೆ ಬಂದವು, ಮುಖ್ಯ ಭಾಗ ಹಾಗೆಯೇ ಉಳಿಯಿತು. 2018ರಲ್ಲಿ, ಹೆಸರು ಬಹಿರಂಗವಾಗದೆ ಪಕ್ಷಗಳಿಗೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ಬಂದು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದು ಅಸಾಂವಿಧಾನಿಕ ಎಂದ ದಿನ ಈ ಹಳೆಯ ವರದಿಯನ್ನು ಮತ್ತೆ ತೆಗೆದು ಓದಿದೆ. ಪೆಟ್ರೋಲು, ಕಾಗದ, ಊಟ ಎಂಬ ಆ ಪಟ್ಟಿ ಎಷ್ಟು ಮುಗ್ಧವಾಗಿ ಕಂಡಿತು!

ಲೋಕಸಭೆಯ ಚರ್ಚೆಗಳ ಸಂಪುಟದಲ್ಲಿ ಸದಸ್ಯರ ಹೆಸರಿನ ಪಕ್ಕ ಕಂಸದಲ್ಲಿ ಕ್ಷೇತ್ರದ ಹೆಸರಿರುತ್ತದೆ. ಅವರ ಹೆಸರನ್ನೇ ಹಿಡಿದು ಓದುತ್ತ ಹೋದರೆ ಮೊದಲು ಕಲ್ಕತ್ತಾ ನೈಋತ್ಯ, ಆಮೇಲೆ ಅಲಿಪುರ, ಖಾಲಿ ಜಾಗ, ಬಸೀರ್‌ಹಾಟ್, ಕೊನೆಗೆ 1989ರಿಂದ ಮಿಡ್ನಾಪುರ. ಗಿರಣಿ, ಬಂದರುಗಳ ನಗರದಿಂದ ಹಳ್ಳಿಗಳ ಕಡೆಗೆ. 1964ರಲ್ಲಿ ಪಕ್ಷ ಒಡೆದಾಗ ಬಂಗಾಳದ ಕಮ್ಯುನಿಸ್ಟರಲ್ಲಿ ಹೆಚ್ಚಿನವರು ಸಿಪಿಎಂ ಕಡೆ ಹೋದರು, ಇವರು ಸಣ್ಣದಾಗಿ ಉಳಿದ ಮೂಲ ಪಕ್ಷ ಸಿಪಿಐನಲ್ಲೇ ನಿಂತರು.

ಹಂಗಾಮಿ ಸ್ಪೀಕರ್ ಆಗಿ ಅವರು ಕೂತದ್ದು ನಾಲ್ಕು ಸಲ: 1991, 1996, 1998, 1999. ಹೊಸ ಲೋಕಸಭೆ ಸೇರುವ ಮುಂಚೆ ರಾಷ್ಟ್ರಪತಿಗಳು ಒಬ್ಬ ಹಿರಿಯ ಸದಸ್ಯರಿಗೆ ಪ್ರಮಾಣವಚನ ಬೋಧಿಸಿ ಪೀಠಕ್ಕೆ ಕಳಿಸುತ್ತಾರೆ. ಐನೂರಕ್ಕೂ ಹೆಚ್ಚು ಸದಸ್ಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಾರೆ. ಬಂದವರು ತಮ್ಮ ಭಾಷೆಯಲ್ಲಿ ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಿ, ಪೀಠದಲ್ಲಿರುವವರ ಕೈಕುಲುಕಿ, ಪೀಠದ ಹಿಂದಿನಿಂದ ಹಾದು ಆಚೆ ಬದಿಗೆ ಹೋಗಿ ಸದಸ್ಯರ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮೊದಲ ಸಲ ಗೆದ್ದವರ ಕೈಯೂ ಮಾಜಿ ಪ್ರಧಾನಿಯ ಕೈಯೂ ಒಂದೇ ಸಾಲಿನಲ್ಲಿ ಬರುತ್ತವೆ. ಬೇರೆ ಬೇರೆ ಪಕ್ಷಗಳ ಅಷ್ಟೂ ಕೈಗಳನ್ನು ನಾಲ್ಕು ಲೋಕಸಭೆಗಳಲ್ಲಿ ಮುಟ್ಟಿದವರು ಅವರು. ಅದು ಮುಗಿದ ಮೇಲೆ ಸದನ ಸ್ಪೀಕರನ್ನು ಆರಿಸುತ್ತದೆ, ಹಂಗಾಮಿಯವರು ಇಳಿಯುತ್ತಾರೆ.

2001ರ ಫೆಬ್ರವರಿ 20ರಂದು, ಕೋಲ್ಕತ್ತಾದಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡರು. ನನಗೆ ಈಗ ನೆನಪಾಗುವುದು ಅದಕ್ಕೂ ಮುಂಚಿನ ಸಂಜೆ, 1999ರ ಅಕ್ಟೋಬರ್ 22. ಗುಪ್ತರಿಗೆ ಆಗ ಎಂಬತ್ತು ದಾಟಿತ್ತು. ಬಾಲಯೋಗಿಯವರನ್ನು ಮತ್ತೆ ಸ್ಪೀಕರ್ ಆಗಿ ಆರಿಸಿದ್ದನ್ನು ರಾತ್ರಿ ವಾರ್ತೆಯಲ್ಲಿ ತೋರಿಸಿದರು. ದೊಡ್ಡವರೆಲ್ಲ ಸುತ್ತುವರಿದು ಅವರನ್ನು ಪೀಠಕ್ಕೆ ಕರೆತರುತ್ತಿದ್ದರು, ಮೇಜು ಕುಟ್ಟುವ ಸದ್ದು. ಅಪ್ಪ ಕನ್ನಡಕ ಸರಿಮಾಡಿಕೊಂಡು ಟಿವಿಗೆ ಹತ್ತಿರ ಬಾಗಿದರು.

"ಅವರು ಯಾವ ಕಡೆ ಇಳಿದ್ರು, ನೋಡಿದೆಯಾ?"

ನಾನು ನೋಡಿರಲಿಲ್ಲ. ಕ್ಯಾಮೆರಾ ಪೀಠದ ಮೇಲೇ ಇತ್ತು. ಅಪ್ಪ ಪರದೆಯ ಅಂಚಿನಲ್ಲಿ ಅವರನ್ನು ಹುಡುಕುತ್ತಿದ್ದಂತೆಯೇ ಮುಂದಿನ ಸುದ್ದಿ ಶುರುವಾಯಿತು.